ಹೇಂಟೆಯ ಅಳತೆಗೆ ಒಂದು ಪೆಟ್ಟಿಗೆ

ತತ್ತಿ ಇಡಲು ಹೊರಟ ಹೇಂಟೆಯನ್ನು ದೂರದಿಂದಲೇ ಗುರುತು ಹಿಡಿಯಬಹುದು. ಕಾಳು ಚೆಲ್ಲಿದರೂ ಹತ್ತಿರ ಬರುವುದಿಲ್ಲ. ಕತ್ತು ನೀಳ ಮಾಡಿಕೊಂಡು ಹಿತ್ತಲಿನ ಒಂದೊಂದು ಮೂಲೆಗೂ ಹೋಗಿ ಇಣುಕುತ್ತದೆ. ಕೊರಳೊಳಗೇ ಎಳೆದೆಳೆದು ದನಿ ಮಾಡುತ್ತದೆ. ಒಂದು ಕಡೆ ಕೂತಂತೆ ಮಾಡಿ ಎದ್ದುಬಿಡುತ್ತದೆ, ಇನ್ನೊಂದು ಕಡೆ ಹೋಗಿ ಕಾಲಿನಿಂದ ಕೆದರುತ್ತದೆ, ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ. ಇದೆಲ್ಲ ಒಂದೊಂದು ಸಲ ತಾಸುಗಟ್ಟಲೆ ನಡೆಯುತ್ತದೆ. ಮನೆಯಲ್ಲಿ ಕೋಳಿ ಸಾಕಿದವರು ಇದನ್ನು ದಿನವೂ ನೋಡುತ್ತಾರೆ, ಆದರೆ ನಿಂತು ನೋಡುವವರು ಕಡಿಮೆ. ನಿಂತು ನೋಡಿದರೆ, ಅದು ಸುಮ್ಮನೆ ಅಲೆಯುತ್ತಿಲ್ಲ, ಒಂದು ಜಾಗಕ್ಕಾಗಿ ಹುಡುಕುತ್ತಿದೆ ಎಂದು ತಿಳಿಯುತ್ತದೆ. ಬೆಳಕು ಕಡಿಮೆ ಇರಬೇಕು, ಬೆನ್ನ ಹಿಂದೆ ಗೋಡೆ ಇರಬೇಕು, ಎರಡೂ ಪಕ್ಕೆಗೆ ಏನಾದರೂ ತಾಗುತ್ತಿರಬೇಕು, ಕೆಳಗೆ ಮೆತ್ತಗಿರಬೇಕು, ಮುಂದೆ ಮಾತ್ರ ಕಣ್ಣು ಹಾಯಬೇಕು.

ಈ ಹುಡುಕಾಟ ಇಂದಿನದಲ್ಲ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದರೊಡನೆ ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ರಕ್ತವೂ ಸೇರಿದೆ. ಸಾಕುಕೋಳಿಯ ಕಾಲಿನ, ಚರ್ಮದ ಹಳದಿ ಬಣ್ಣ ಬಂದದ್ದು ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಲಘಟಗಿ ದಾಟಿ ಯಲ್ಲಾಪುರದ ದಾರಿ ಹಿಡಿದರೆ, ಬೆಳಗಿನ ಹೊತ್ತು ರಸ್ತೆಯ ಅಂಚಿನಲ್ಲಿ ಅದು ಮೇಯುವುದನ್ನು ಕಾಣಬಹುದು. ಮರದ ಮೇಲೆ ಮಲಗುವ ಈ ಹಕ್ಕಿ ತತ್ತಿ ಇಡುವುದು ಮಾತ್ರ ನೆಲದಲ್ಲಿ, ಪೊದೆಯ ಕೆಳಗೆ ಕೆದರಿಕೊಂಡ ಸಣ್ಣ ತಗ್ಗಿನಲ್ಲಿ. ಕಾಡುಬೆಕ್ಕು, ಮುಂಗುಲಿ, ಹಾವು, ಕಾಗೆ ಎಲ್ಲರ ಕಣ್ಣು ತಪ್ಪಿಸಬೇಕು. ನಮ್ಮ ಹಿತ್ತಲಿನ ಹೇಂಟೆ ಕಟ್ಟಿಗೆಯ ಒಟ್ಟಿಲಿನ ಸಂದಿಗೆ ನುಗ್ಗುವುದು, ನೀರಿನ ಟಾಕಿಯ ಹಿಂದೆ ಅಡಗುವುದು ಅದೇ ಹಳೆಯ ಎಚ್ಚರದಿಂದ.

ನನ್ನ ಚಿಗವ್ವನ ಊರು ಸವಣೂರಿನ ಹತ್ತಿರ. ಅವರ ಹಳೆಯ ಮನೆಯಲ್ಲಿ ಕೋಳಿಗೆಂದು ಯಾರೂ ಪೆಟ್ಟಿಗೆ ಮಾಡಿಸಿದ್ದಿಲ್ಲ, ಮಾಡಿಸುವ ಅಗತ್ಯವೂ ಇರಲಿಲ್ಲ. ಮಣ್ಣಿನ ದಪ್ಪ ಗೋಡೆಯ ತುಂಬ ಮಾಡಗಳು. ದೀಪ ಇಡುವ ಮಾಡ ಮೇಲೆ; ದನದ ಕೊಟ್ಟಿಗೆಯಲ್ಲಿ, ಮೊಣಕಾಲೆತ್ತರದ ಮಾಡಗಳು ಕೋಳಿಗಳ ಪಾಲು. ಬಳಸದ ಗೋದಲಿಯ ಮೂಲೆ, ಬಾಯಿ ಒಡೆದ ಗಡಿಗೆ, ಹಗ್ಗ ಕಟ್ಟಿ ತೂಗುಬಿಟ್ಟ ಬಿದಿರಿನ ಬುಟ್ಟಿ ಎಲ್ಲವೂ ಗೂಡೇ. ಚಿಗವ್ವ ಬೆಳಿಗ್ಗೆ ಸೆರಗು ಒಡ್ಡಿಕೊಂಡು ಒಂದು ಸುತ್ತು ಬಂದರೆ ಯಾವ ಹೇಂಟೆ ಎಲ್ಲಿ ಇಟ್ಟಿದೆ ಎಂಬುದು ಅವಳಿಗೆ ಗೊತ್ತು. ಆ ಮನೆಯ ಗೋಡೆಗಳೇ ಕೋಳಿಗೆ ಬೇಕಾದ ಕತ್ತಲನ್ನೂ ಒತ್ತಾಸೆಯನ್ನೂ ಕೊಡುತ್ತಿದ್ದವು. ಈಗ ಧಾರವಾಡದ ನಮ್ಮ ಬಡಾವಣೆಗಳಲ್ಲಿ ಸಿಮೆಂಟಿನ ನುಣುಪು ಗೋಡೆ, ಟೈಲ್ಸ್ ಹಾಕಿದ ಅಂಗಳ, ಮೂಲೆ ಮೂಲೆಗೂ ಬೆಳಕು. ಹಿತ್ತಲಿನಲ್ಲಿ ನಾಲ್ಕು ಕೋಳಿ ಬಿಟ್ಟುಕೊಂಡರೆ ಅವಕ್ಕೆ ಮರೆಯೇ ಇಲ್ಲ. ಮರೆ ಕೊಡದೆ ಕೋಳಿ ಸಾಕುವುದು ನನಗೆ ಒಪ್ಪಿಗೆಯಿಲ್ಲ. ಪೆಟ್ಟಿಗೆ ಕಟ್ಟಬೇಕು ಎಂದುಕೊಂಡದ್ದು ಈ ಕಾರಣಕ್ಕೆ.

ಪೆಟ್ಟಿಗೆ ಕಟ್ಟಿದರೆ ತತ್ತಿ ಹೆಚ್ಚು ಸಿಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಹೆಚ್ಚು ಇಡುವುದಿಲ್ಲ. ತತ್ತಿಯ ಸಂಖ್ಯೆ ತಳಿಯ ಮೇಲೆ, ಮೇವಿನ ಮೇಲೆ, ಹಗಲಿನ ಉದ್ದದ ಮೇಲೆ ನಿಂತಿದೆ. ಪೂರ್ತಿ ಇಳುವರಿಗೆ ಹೇಂಟೆಗೆ ದಿನಕ್ಕೆ 14ರಿಂದ 16 ತಾಸು ಬೆಳಕು ಬೇಕು. ನಮ್ಮ ಕಡೆ ಡಿಸೆಂಬರಿನಲ್ಲಿ ಹಗಲು 11 ತಾಸಿಗಿಂತ ತುಸು ಹೆಚ್ಚು, ಅಷ್ಟೇ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ನಾಟಿ ಕೋಳಿಗಳು ತತ್ತಿ ಕಡಿಮೆ ಮಾಡಿದರೆ ಅದಕ್ಕೆ ಪೆಟ್ಟಿಗೆ ಹೊಣೆಯಲ್ಲ. ಪೆಟ್ಟಿಗೆಯಿಂದ ಸಿಗುವುದು ಬೇರೆ: ತತ್ತಿ ಒಡೆಯುವುದಿಲ್ಲ, ಹೊಲಸಾಗುವುದಿಲ್ಲ, ಒಂದೇ ಕಡೆ ಸಿಗುತ್ತದೆ. ಎಲ್ಲಕ್ಕಿಂತ ದೊಡ್ಡದೆಂದರೆ, ಹೇಂಟೆಯ ಆ ಚಡಪಡಿಕೆ ಬೇಗ ಮುಗಿಯುತ್ತದೆ.

ನಮ್ಮ ಓಣಿಯ ತುದಿಯಲ್ಲಿ ಬಡಿಗೇರ ಕಾಕಾ ಇದ್ದಾರೆ. ಬಾಗಿಲು, ಕಿಟಕಿ, ದೇವರ ಮಂಟಪ ಮಾಡುವ ಕೈ. ಕೋಳಿಗೆ ಪೆಟ್ಟಿಗೆ ಎಂದಾಗ ಅವರು ನಗಲಿಲ್ಲ. ನಾನು ಅಳತೆ ಬರೆದುಕೊಂಡು ಹೋಗಿದ್ದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಟೇಪು ಆಮೇಲೆ ಹಿಡಿಯೋಣ ತಂಗಿ, ಮೊದಲು ನಿನ್ನ ದೊಡ್ಡ ಕೋಳಿ ತೋರಿಸು" ಎಂದರು. ಹಿತ್ತಲಿಗೆ ಬಂದು, ನಮ್ಮ ಕಂದು ಬಣ್ಣದ ಹೇಂಟೆಯನ್ನು ಎರಡೂ ರೆಕ್ಕೆ ಸೇರಿಸಿ ಮೆಲ್ಲಗೆ ಹಿಡಿದು ಒಂದು ಹಲಗೆಯ ಮೇಲೆ ಕೂರಿಸಿದರು. ಅಂಗೈಯಿಂದ ಕಣ್ಣು ಮುಚ್ಚಿದ ಕೂಡಲೇ ಅದು ಸುಮ್ಮನಾಯಿತು. ಇನ್ನೊಂದು ಕೈಯಲ್ಲಿ ಸೀಸದ ಕಡ್ಡಿ ತೆಗೆದು ಅದರ ಸುತ್ತ ಗೆರೆ ಎಳೆದರು. ಎದೆಯ ಕಡೆ ಅಗಲ, ಬಾಲದ ಕಡೆ ಚೂಪು. ಆ ಗೆರೆಯ ಹೊರಗೆ ಎರಡೆರಡು ಬೆರಳು ಬಿಟ್ಟು ಚೌಕ ಹಾಕಿದರು. "ಇದು ಇಲ್ಲಿ ಒಂದು ಸುತ್ತು ತಿರುಗಬೇಕು, ಎರಡನೆಯ ಕೋಳಿಗೆ ಜಾಗ ಇರಬಾರದು" ಎಂದು ಗೇಣು ಹಾಕಿ ನೋಡಿದರು. ಒಂದು ಗೇಣು, ನಾಲ್ಕು ಬೆರಳು. ಪುಸ್ತಕಗಳು ಹೇಳುವ 12 ಇಂಚು ಅದೇ.

ಆ ಚೌಕದೊಳಗೆ ಇಡೀ ವಿಷಯ ಅಡಗಿದೆ. ಪೆಟ್ಟಿಗೆ ದೊಡ್ಡದಿದ್ದರೆ ಕೋಳಿಗೆ ಸುಖ ಎಂದು ನಾವು ಎಣಿಸುತ್ತೇವೆ. ದೊಡ್ಡ ಪೆಟ್ಟಿಗೆಯಲ್ಲಿ ಎರಡು ಹೇಂಟೆಗಳು ಒಟ್ಟಿಗೆ ನುಗ್ಗುತ್ತವೆ, ತುಳಿದಾಟದಲ್ಲಿ ತತ್ತಿ ಒಡೆಯುತ್ತದೆ. ಒಡೆದ ತತ್ತಿಯ ರುಚಿ ಹತ್ತಿದ ಕೋಳಿ ಮುಂದೆ ಇಟ್ಟ ತತ್ತಿಯನ್ನೂ ಕುಕ್ಕಲು ಕಲಿಯುತ್ತದೆ, ಆ ಚಟ ಬಿಡಿಸುವುದು ಬಹಳ ಕಷ್ಟ. ಇಕ್ಕಟ್ಟು ಇಲ್ಲಿ ಅದರ ನೆಮ್ಮದಿ. ಅಗಲ, ಆಳ, ಎತ್ತರ ಮೂರೂ ಸುಮಾರು 12 ಇಂಚು ಇದ್ದರೆ ನಾಟಿ ಕೋಳಿಗೆ ಸಾಕು. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಭಾರದ ತಳಿಗೆ ಎಲ್ಲ ಕಡೆ ಎರಡು ಇಂಚು ಹೆಚ್ಚು ಬೇಕು. ನಾಲ್ಕೈದು ಹೇಂಟೆಗಳಿಗೆ ಒಂದು ಪೆಟ್ಟಿಗೆ ಸಾಕಾಗುತ್ತದೆ, ಒಂದೊಂದಕ್ಕೂ ಒಂದೊಂದು ಬೇಕಾಗಿಲ್ಲ. ಎಷ್ಟೇ ಪೆಟ್ಟಿಗೆ ಇಟ್ಟರೂ ಅವು ತಮಗೆ ಮೆಚ್ಚಿದ ಒಂದರ ಮುಂದೆಯೇ ಸರದಿ ನಿಲ್ಲುತ್ತವೆ. ಪಕ್ಕದ್ದು ಖಾಲಿ ಇದ್ದರೂ ಒಳಗಿನ ಕೋಳಿ ಎದ್ದು ಬರುವವರೆಗೆ ಕಾಯುತ್ತವೆ, ಕೂಗಿ ಕೂಗಿ ಅವಸರಪಡಿಸುತ್ತವೆ. ಬೇರೊಂದು ಕೋಳಿ ಇಟ್ಟ ಜಾಗದಲ್ಲಿ ತತ್ತಿ ಸುರಕ್ಷಿತವಾಗಿ ಉಳಿದಿದೆ ಎಂಬುದೇ ಅವಕ್ಕೆ ಸಾಕ್ಷಿ. ಇದೇ ಕಾರಣಕ್ಕೆ ಹೊಸ ಪೆಟ್ಟಿಗೆಯಲ್ಲಿ ಮೊದಲು ತತ್ತಿಯಾಕಾರದ ಒಂದು ಬಿಳಿಯ ಕಲ್ಲು ಇಡಬೇಕು. ಮಲಪ್ರಭೆಯ ದಂಡೆಯಿಂದ ತಂದ ಒಂದು ಕಲ್ಲು ನಮ್ಮಲ್ಲಿ ಈ ಕೆಲಸ ಮಾಡಿತು.

ಮುಂಬದಿಯ ಕೆಳಗೆ ನಾಲ್ಕು ಬೆರಳೆತ್ತರದ ಪಟ್ಟಿ ಹೊಡೆಯಲೇಬೇಕು. ಅದಿಲ್ಲದಿದ್ದರೆ ಕೋಳಿ ಕೆದರಿದ ಹುಲ್ಲೂ ತತ್ತಿಯೂ ಒಟ್ಟಿಗೇ ಹೊರಗೆ ಬೀಳುತ್ತವೆ. ಮೇಲಿನ ಮುಚ್ಚಳ ಇಳಿಜಾರಾಗಿರಬೇಕು, ಸಣ್ಣ ಇಳಿಜಾರು ಸಾಲದು. ಕಡಿದಾಗಿದ್ದರೆ ಮಾತ್ರ ಕೋಳಿ ಅದರ ಮೇಲೆ ಕೂರುವುದನ್ನು ಬಿಡುತ್ತದೆ. ಹಿಂಬದಿಯ ಹಲಗೆಗೆ ಬಿಜಾಗರಿ ಕೂರಿಸಿ ಚಿಲಕ ಹಾಕಿದರೆ, ಕೋಳಿಯನ್ನು ಎಬ್ಬಿಸದೆ ಹಿಂದಿನಿಂದ ತತ್ತಿ ತೆಗೆಯಬಹುದು. ಮುಂದಿನಿಂದ ಕೈ ಹಾಕುವುದು ನಮಗೆ ಸುಲಭ, ಆದರೆ ಅದರ ಇದ್ದೊಂದು ಕಣ್ಣಹಾದಿಯಲ್ಲೇ ನಮ್ಮ ಕೈ ಬರುತ್ತದೆ. ಕಾಕಾ ಬೇಕೆಂದೇ ಹಿಂದಿನ ಬಾಗಿಲಿಗೆ ಹೆಚ್ಚು ಹೊತ್ತು ಕೊಟ್ಟರು.

ಎತ್ತರದ ಲೆಕ್ಕ ಬಹಳ ಮುಖ್ಯ. ನೆಲದಿಂದ ಒಂದು ಮೊಳ ಮೇಲೆ ಪೆಟ್ಟಿಗೆ, ಅದಕ್ಕಿಂತ ಇನ್ನೂ ಮೇಲೆ ರಾತ್ರಿ ಕೂರುವ ಅಡ್ಡಗೋಲು. ಕೋಳಿ ಕತ್ತಲಾದ ಕೂಡಲೇ ಸಿಗುವ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು ಹತ್ತುತ್ತದೆ. ಪೆಟ್ಟಿಗೆಯೇ ಮೇಲಿದ್ದರೆ ಅದರಲ್ಲೇ ಮಲಗಿ ರಾತ್ರಿಯಿಡೀ ಹಿಕ್ಕೆ ಹಾಕುತ್ತದೆ, ಬೆಳಗಿನ ತತ್ತಿ ಅದರ ಮೇಲೆ ಬೀಳುತ್ತದೆ. ಅಡ್ಡಗೋಲಿಗೆ ಕಬ್ಬಿಣದ ಕೊಳವೆ ಬೇಡ, ಕಾಲಿನ ಬೆರಳು ಹಿಡಿಯುವಷ್ಟು ದಪ್ಪದ ಕಟ್ಟಿಗೆಯೇ ಸರಿ.

ಇನ್ನು ಏನಿಂದ ಕಟ್ಟಬೇಕು ಎಂಬ ಮಾತು. ಮೇ ತಿಂಗಳಿನಲ್ಲಿ ಧಾರವಾಡದ ಆಪೂಸು ಮಾರುಕಟ್ಟೆಗೆ ಬಂದಾಗ ಹಣ್ಣಿನ ಅಂಗಡಿಗಳ ಹಿಂದೆ ಕಟ್ಟಿಗೆಯ ಪೆಟ್ಟಿಗೆಗಳು ಸಿಗುತ್ತವೆ. ಈಚೆಗೆ ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಕ್ರೇಟು ಹೆಚ್ಚಾಗಿವೆ, ಆದರೂ ಕೇಳಿದರೆ ಒಂದೆರಡು ಕೊಡುತ್ತಾರೆ. ಅವು ಅಗ್ಗ, ಹಗುರ. ಪಟ್ಟಿಗಳ ನಡುವಿನ ಸಂದು ಮಾತ್ರ ಮುಚ್ಚಬೇಕು, ಹೊರಚಾಚಿದ ಮೊಳೆಗಳನ್ನು ಬಡಿದು ಮಡಚಬೇಕು. ಹದಿನೈದು ಕಿಲೋದ ಎಣ್ಣೆ ಡಬ್ಬಿಯನ್ನು ಅಡ್ಡ ಮಲಗಿಸಿ ಗೂಡು ಮಾಡುವವರನ್ನು ಕಂಡಿದ್ದೇನೆ. ಅದು ಕೋಳಿಗೆ ತೀರ ಇಕ್ಕಟ್ಟು, ಕತ್ತರಿಸಿದ ಅಂಚು ಚೂಪು. ಗದಗ, ರೋಣದ ಕಡೆಯ ಬೇಸಿಗೆಯಲ್ಲಿ ತಗಡಿನೊಳಗೆ ಕೂತ ಕೋಳಿ ಬಾಯಿ ಬಿಟ್ಟು ಏದುಸಿರು ಬಿಡುತ್ತದೆ. ಕೋಳಿಗೆ ಬೆವರು ಗ್ರಂಥಿಗಳಿಲ್ಲ, ಬಾಯಿಯಿಂದಲೇ ಬಿಸಿ ಹೊರಗೆ ಹಾಕಬೇಕು. ತಗಡು ಬೇಡವೇ ಬೇಡ. ಪ್ಲೈವುಡ್ ನೋಡಲು ನೀಟು, ಆದರೆ ಧಾರವಾಡದ ಜಿಟಿಜಿಟಿ ಮಳೆಗೆ ಒಂದೆರಡು ವರ್ಷದಲ್ಲಿ ಪದರ ಬಿಡುತ್ತದೆ. ನನಗೆ ಮೆಚ್ಚಿಗೆಯಾದದ್ದು ಬೇವಿನ ಹಲಗೆ. ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ, ಹುಳು ಬೇಗ ಹಿಡಿಯುವುದಿಲ್ಲ. ಕಹಿ ವಾಸನೆಗೆ ಹೇಂಟೆಗಳು ಹಿಂದೆಗೆಯಲಿಲ್ಲ.

ಬಾಯಿಗೆ ಒಂದು ಪರದೆ ಬೇಕು, ಅರ್ಧ ಮಾತ್ರ. ನಾನು ಬ್ಯಾಡಗಿ ಮಾರುಕಟ್ಟೆಯ ಹಳೆಯ ಮೆಣಸಿನಕಾಯಿ ಚೀಲವನ್ನು ಕತ್ತರಿಸಿ ಇಳಿಬಿಟ್ಟಿದ್ದೇನೆ. ದೂಳು ಕೊಡವುವಾಗ ನಮಗೆಲ್ಲ ಸೀನು ಬಂದವು. ಕೋಳಿಗೆ ಖಾರ ತಾಕುವುದಿಲ್ಲ. ಮೆಣಸಿನಕಾಯಿಯ ಖಾರದ ಅಂಶವನ್ನು ಗ್ರಹಿಸುವ ಶಕ್ತಿ ಸಸ್ತನಿಗಳ ನರಗಳಿಗಿದೆ, ಹಕ್ಕಿಗಳಿಗೆ ಅದು ಇಲ್ಲದಂತೆಯೇ. ಬ್ಯಾಡಗಿಯ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಕಡಿಮೆ. ಹಾಗಾಗಿ ಇಲಿ ಅದರಿಂದ ಓಡಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಇಲಿಗೆ ಜಾಲರಿಯೇ ಮದ್ದು. ಚೀಲದ ಪರದೆಯಿಂದ ಒಳಗೆ ಮಬ್ಬು ಕವಿಯುತ್ತದೆ, ಕೋಳಿಗೆ ಬೇಕಾದದ್ದು ಅದು. ಪೆಟ್ಟಿಗೆಯ ಬಾಯಿ ಪಶ್ಚಿಮಕ್ಕೆ ಇರಬಾರದು. ನಮ್ಮಲ್ಲಿ ಮುಂಗಾರಿನ ಗಾಳಿಮಳೆ ಬಡಿಯುವುದೇ ಆ ಕಡೆಯಿಂದ.

ಒಳಗೆ ಏನು ಹಾಸಬೇಕು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಕಲಘಟಗಿ, ಹಾನಗಲ್ಲಿನ ಕಡೆಯಿಂದ ಭತ್ತದ ಹುಲ್ಲು ಬರುತ್ತದೆ, ಬಯಲುಸೀಮೆಯಲ್ಲಿ ಜೋಳದ ರವದಿ ಇದೆ. ರವದಿಯನ್ನು ಕೈಯಿಂದ ಹಿಸುಕಿ ಮೆತ್ತಗೆ ಮಾಡಿ ಹಾಕಬೇಕು, ಇಲ್ಲದಿದ್ದರೆ ಅಂಚು ಚುಚ್ಚುತ್ತದೆ. ಶೇಂಗಾ ಸಿಪ್ಪೆ ಹಗುರವಾಗಿ ಚೆನ್ನಾಗಿಯೇ ಇರುತ್ತದೆ, ಆದರೆ ಆಷಾಢದ ತಂಪಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ದೂಳು ಕೋಳಿಯ ಪುಪ್ಪುಸಕ್ಕೆ ಕೇಡು, ಮಳೆಗಾಲದಲ್ಲಿ ಅದನ್ನು ನಾನು ಬಳಸುವುದಿಲ್ಲ. ಬರೀ ವರ್ತಮಾನ ಪತ್ರಿಕೆ ಹಾಸಿದರೆ ಕಾಲು ಜಾರುತ್ತದೆ. ನಾವು ಎಷ್ಟೇ ಒಪ್ಪವಾಗಿ ಹಾಸಿದರೂ ಹೇಂಟೆ ಅದನ್ನು ತನ್ನ ಮನಸ್ಸಿಗೆ ಬಂದಂತೆ ಮಾಡಿಕೊಳ್ಳುತ್ತದೆ. ಎದೆಯಿಂದ ಒತ್ತಿ ಒತ್ತಿ ನಡುವೆ ತಗ್ಗು ಮಾಡುತ್ತದೆ, ಕೊಕ್ಕಿನಲ್ಲಿ ಒಂದೊಂದೇ ಎಳೆ ಎತ್ತಿ ಬೆನ್ನಿನ ಮೇಲೆ ಎಸೆದುಕೊಳ್ಳುತ್ತದೆ. ಎಷ್ಟೋ ಎಳೆಗಳು ಬೆನ್ನಿನಿಂದ ಜಾರಿ ಪಕ್ಕಕ್ಕೆ ಬೀಳುತ್ತವೆ, ಹಾಗೆ ಬಿದ್ದದ್ದೇ ಗೂಡಿನ ಅಂಚಾಗುತ್ತದೆ.

ಹಿಂದಿನ ಬಾಗಿಲಿನ ಸಂದಿಯಿಂದ ನಾನು ಒಂದು ಬೆಳಿಗ್ಗೆ ಪೂರ್ತಿ ನೋಡಿದೆ. ಕಂದು ಹೇಂಟೆ ಬಹಳ ಹೊತ್ತು ಅಲುಗಾಡದೆ ಕೂತಿತ್ತು. ಕಣ್ಣು ಅರ್ಧ ತೆರೆದಿತ್ತು. ಆಮೇಲೆ ಮೆಲ್ಲಗೆ ಮಂಡಿಯ ಮೇಲೆ ಎದ್ದಂತೆ ನಿಂತಿತು, ಪುಕ್ಕ ಉಬ್ಬಿಸಿತು, ಬಾಲ ಕೆಳಗೆ ಬಾಗಿತು. ಒಂದೆರಡು ಸಲ ಮೈ ಬಿಗಿಯಿತು. ತತ್ತಿ ಬಿದ್ದಾಗ ಅದರ ಮೈ ಒದ್ದೆಯಾಗಿ ಹೊಳೆಯುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಆ ಹೊಳಪು ಒಂದು ಬದಿಯಿಂದ ಆರುತ್ತಾ ಬಂದು ಮಂಕಾಯಿತು. ಆ ತೇವವೇ ಒಣಗಿ ತತ್ತಿಯ ಮೇಲೆ ತೆಳುವಾದ ಪೊರೆಯಾಗುತ್ತದೆ, ಚಿಪ್ಪಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ರೋಗಾಣುಗಳನ್ನು ತಡೆಯುತ್ತದೆ. ತತ್ತಿಯನ್ನು ತಂದ ಕೂಡಲೇ ತೊಳೆದಿಡುವವರಿಗೆ ನಾನು ಬೇಡ ಎನ್ನುವುದು ಇದಕ್ಕೆ. ಗೂಡು ಶುಚಿಯಾಗಿದ್ದರೆ ತೊಳೆಯುವ ಪ್ರಸಂಗವೇ ಬರುವುದಿಲ್ಲ, ಬಳಸುವ ಮುಂಚೆ ತೊಳೆದರೆ ಸಾಕು. ಆ ಚಿಪ್ಪು ಕಟ್ಟಲು ಹೇಂಟೆಯ ಮೈ ಸುಮಾರು 20 ತಾಸು ದುಡಿದಿರುತ್ತದೆ, ಎರಡು ಗ್ರಾಮಿನಷ್ಟು ಕ್ಯಾಲ್ಸಿಯಂ ಸುರಿದಿರುತ್ತದೆ. ಮೇವಿನಲ್ಲಿ ಸಾಲದಿದ್ದರೆ ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತದೆ. ಒಣಗಿಸಿ ಪುಡಿ ಮಾಡಿದ ಚಿಪ್ಪನ್ನೋ ಸುಣ್ಣದ ಕಲ್ಲಿನ ನುಚ್ಚನ್ನೋ ಒಂದು ಬೋಗುಣಿಯಲ್ಲಿ ಪಕ್ಕಕ್ಕಿಟ್ಟರೆ, ಬೇಕಾದಷ್ಟು ಅದೇ ತಿನ್ನುತ್ತದೆ.

ಕಟ್ಟಿದವರ ಕೆಲಸ ಕಟ್ಟಿದಲ್ಲಿಗೆ ಮುಗಿಯುವುದಿಲ್ಲ. ಕಟ್ಟಿಗೆಯ ಸಂದುಗಳಲ್ಲಿ ಕೆಂಪು ನುಸಿ ಸೇರುತ್ತದೆ. ಹಗಲೆಲ್ಲ ಅಡಗಿದ್ದು, ರಾತ್ರಿ ಹೊರಬಂದು ಕೋಳಿಯ ರಕ್ತ ಹೀರುತ್ತದೆ. ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು. ಪೆಟ್ಟಿಗೆಗೆ ಹೋಗುತ್ತಿದ್ದ ಕೋಳಿ ಇದ್ದಕ್ಕಿದ್ದಂತೆ ಹೊರಗೆ ಇಡಲು ತೊಡಗಿದರೆ, ಜುಟ್ಟು ಬಿಳಿಚಿಕೊಂಡರೆ, ರಾತ್ರಿ ಬ್ಯಾಟರಿ ಹಿಡಿದು ಸಂದುಗಳನ್ನು ನೋಡಬೇಕು. ಬಿಳಿಯ ಕಾಗದವನ್ನು ಸಂದಿಯ ಮೇಲೆ ಒತ್ತಿ ಉಜ್ಜಿದರೆ ಕೆಂಪು ಗೆರೆ ಮೂಡುತ್ತದೆ, ಅದು ರಕ್ತ ಕುಡಿದ ನುಸಿ. ಕಾಕಾ ಮೊಳೆಯ ಬದಲು ತಿರುಪು ಹಾಕಿದ್ದು ಇದಕ್ಕೇ ಉಪಯೋಗಕ್ಕೆ ಬಂತು. ಹಲಗೆಗಳನ್ನು ಬಿಚ್ಚಿ ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ, ಸಂದುಗಳಿಗೆ ಸುಣ್ಣ ಬಳಿದು ಮತ್ತೆ ಜೋಡಿಸಬಹುದು. ಚಿಗವ್ವ ಹುಲ್ಲಿನ ಕೆಳಗೆ ಬೇವಿನ ಸೊಪ್ಪು ಹಾಕು ಎನ್ನುತ್ತಾಳೆ, ಹಾಕುತ್ತೇನೆ. ಆದರೆ ಸೊಪ್ಪಿನ ಮೇಲೆ ಭಾರ ಹಾಕಿ ಸುಣ್ಣ ಬಳಿಯುವುದನ್ನು ಬಿಡುವುದಿಲ್ಲ. ಒಲೆಯ ಬೂದಿ ಬೆರೆಸಿದ ಒಣಮಣ್ಣಿನ ಒಂದು ತಗ್ಗು ಹಿತ್ತಲಿನಲ್ಲಿದ್ದರೆ ಕೋಳಿಗಳು ಅದರಲ್ಲಿ ಹೊರಳಾಡಿ ಮೈಯ ಹೇನನ್ನು ತಾವೇ ಕಳೆದುಕೊಳ್ಳುತ್ತವೆ.

ಈ ಪೆಟ್ಟಿಗೆಯ ಕೆಲಸ ಮಾಡುತ್ತಾ ನನಗೆ ಪದೇ ಪದೇ ಮನಸ್ಸಿಗೆ ಬಂದದ್ದು ಪಂಜರದ ಕೋಳಿಗಳು. ನಾವು ಕಿರಾಣಿ ಅಂಗಡಿಯಿಂದ ಟ್ರೇಗಟ್ಟಲೆ ತರುವ ತತ್ತಿಗಳಲ್ಲಿ ಬಹುಪಾಲು ತಂತಿಯ ಪಂಜರದಿಂದ ಬಂದವು. ಅಲ್ಲಿ ಒಂದು ಹೇಂಟೆಗೆ ಸಿಗುವ ನೆಲ ಒಂದು ಎ4 ಹಾಳೆಗಿಂತ ಕಡಿಮೆ. ಗೂಡಿಲ್ಲ, ಮರೆಯಿಲ್ಲ, ಕೆದರಲು ಒಂದು ಎಳೆ ಹುಲ್ಲಿಲ್ಲ. ತತ್ತಿ ಇಡುವ ಮುನ್ನಿನ ಆ ಹುಡುಕಾಟ ಮಾತ್ರ ಅದರ ಮೈಯಲ್ಲಿ ಹಾಗೆಯೇ ಇದೆ. ಜಾಗ ಸಿಗದ ಹೇಂಟೆ ಪಂಜರದ ಅಂಚಿನಲ್ಲಿ ಹಿಂದಕ್ಕೆ ಮುಂದಕ್ಕೆ ತುಳಿಯುತ್ತಲೇ ಇರುತ್ತದೆ ಎಂಬುದನ್ನು ಪ್ರಾಣಿವರ್ತನೆಯ ಅಧ್ಯಯನಗಳು ಬಹಳ ಹಿಂದೆಯೇ ದಾಖಲಿಸಿವೆ. ಯುರೋಪಿನ ಒಕ್ಕೂಟ 1999ರಲ್ಲಿ ನಿರ್ದೇಶನ ಹೊರಡಿಸಿ, 2012ರ ಜನವರಿ 1ರಿಂದ ಗೂಡಿಲ್ಲದ ಇಂಥ ಪಂಜರಗಳನ್ನು ನಿಷೇಧಿಸಿತು. ನಮ್ಮಲ್ಲಿ ಕಾನೂನು ಆಯೋಗ 2017ರ ಜುಲೈಯಲ್ಲಿ ತನ್ನ 269ನೆಯ ವರದಿಯನ್ನು ಈ ಕೋಳಿಗಳ ವಸತಿ ಮತ್ತು ಸಾಗಾಟದ ಬಗೆಗೇ ಕೊಟ್ಟಿತು. ಪಂಜರಗಳು ಇನ್ನೂ ಇವೆ. ನಮ್ಮ ಹಿತ್ತಲಿನ ಒಂದು ಪೆಟ್ಟಿಗೆ ಅವುಗಳಿಗೆ ಏನನ್ನೂ ಮಾಡಲಾರದು, ಅದು ನನಗೆ ನೋವಿನ ಸಂಗತಿ. ಆದರೆ ಹೇಂಟೆಗೆ ಗೂಡು ಬೇಕು ಎಂಬುದು ಮುದ್ದಿನ ಮಾತಲ್ಲ, ಅದರ ಹಸಿವೆಯಷ್ಟೇ ನಿಜವಾದ ಅಗತ್ಯ. ಅದನ್ನು ಕಣ್ಣಾರೆ ಕಂಡವರು ನಾಲ್ಕು ಜನರಿಗೆ ಹೇಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಈಗ ಮುಂದಿನ ಕೆಲಸ ಹಿಡಿದಿದೆ. ನಮ್ಮ ಕಪ್ಪು ನಾಟಿ ಹೇಂಟೆ ಕಾವಿಗೆ ಬಂದಿದೆ. ಪೆಟ್ಟಿಗೆ ಬಿಟ್ಟು ಏಳುತ್ತಿಲ್ಲ, ಹತ್ತಿರ ಹೋದರೆ ಪುಕ್ಕ ಕೆದರಿ ಗುರುಗುಟ್ಟುತ್ತದೆ, ಹೊಟ್ಟೆಯ ಕೆಳಗಿನ ಪುಕ್ಕ ಉದುರಿ ಚರ್ಮ ಬಿಸಿಯಾಗಿದೆ. ಉಳಿದ ಹೇಂಟೆಗಳು ಅದರ ಮೇಲೆಯೇ ಹತ್ತಿ ತತ್ತಿ ಇಡಲು ನೋಡುತ್ತಿವೆ. ಅದಕ್ಕೆ ಬೇರೆ ಜಾಗ ಬೇಕು. ಚಿಗವ್ವನನ್ನು ಫೋನಿನಲ್ಲಿ ಕೇಳಿದರೆ ಬಿದಿರಿನ ಬುಟ್ಟಿಯಲ್ಲಿ ಹುಲ್ಲು ಹಾಕಿ, ಗುಡುಗಿನ ಭಯಕ್ಕೆ ಒಂದು ಕಬ್ಬಿಣದ ತುಂಡು, ಇದ್ದಿಲು ಇಟ್ಟು ಕತ್ತಲ ಕೋಣೆಯಲ್ಲಿ ಕೂರಿಸು ಎಂದಳು. ಬುಟ್ಟಿ ತಂದಾಗಿದೆ. ಆದರೆ ಮರಿ ಒಡೆದ ಮೇಲೆ ಬುಟ್ಟಿಯ ಎತ್ತರದಿಂದ ಅವು ಇಳಿಯಲಾರವು ಎಂದು ಕಾಕಾ ನೆಲಕ್ಕೆ ತಾಗುವ, ಅಡಿ ಇಲ್ಲದ ಒಂದು ಪೆಟ್ಟಿಗೆ ಮಾಡಿಕೊಡುತ್ತಿದ್ದಾರೆ. ಬುಟ್ಟಿ ಅದರೊಳಗೆ ಕೂರುತ್ತದೆ, ಮರಿ ಒಡೆದ ದಿನ ಬುಟ್ಟಿ ತೆಗೆದರಾಯಿತು. ಕೆಳಗೆ ಅರ್ಧ ಇಂಚಿನ ಜಾಲರಿ ಹೂತು, ಅದರ ಮೇಲೆ ಮಣ್ಣು ಹಾಕಿ ಹುಲ್ಲು ಹಾಸಬೇಕು. ಇಲ್ಲದಿದ್ದರೆ ಹೆಗ್ಗಣ ಒಂದೇ ರಾತ್ರಿಗೆ ಕೆಳಗಿನಿಂದ ತೋಡಿಕೊಂಡು ಬರುತ್ತದೆ. ಕಾವಿಗೆ 21 ದಿನ. ಒಂದೇ ವಯಸ್ಸಿನ ಹತ್ತು ತತ್ತಿ ಹೊಂದಿಸಿ, ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದೇನೆ, ಬೇರೆ ಹೇಂಟೆ ಬಂದು ಹೊಸದನ್ನು ಇಟ್ಟರೆ ತಿಳಿಯಲಿ ಎಂದು. ಜಾಗ ಬದಲಿಸುವುದನ್ನು ಕತ್ತಲಾದ ಮೇಲೆ ಮಾಡಬೇಕು, ಹಗಲು ಎತ್ತಿಟ್ಟರೆ ಅದು ಹಳೆಯ ಪೆಟ್ಟಿಗೆಗೇ ಓಡುತ್ತದೆ. ಕಾಕಾ ನಾಳೆ ಸಂಜೆಗೆ ಮುಚ್ಚಳ ಹಾಕಿಕೊಡುತ್ತೇನೆ ಎಂದಿದ್ದಾರೆ, ಜಾಲರಿ ತರಲು ನಾನು ಹುಬ್ಬಳ್ಳಿಗೆ ಹೊರಟಿದ್ದೇನೆ.